ಬಕೆಟ್ಟಿನಲ್ಲಿ ನೀರೆಷ್ಟಿತ್ತು?

"ಎಷ್ಟು ನೀರು ಅಂತ ಲೆಕ್ಕ ಹಾಕಿದ್ದೀರಿ?"

ಇಂಚರಾ ನನ್ನ ಹಾಳೆಯಿಂದ ಕಣ್ಣೆತ್ತದೆ ಕೇಳಿದಳು. ತಿರುವನಂತಪುರದ ಪಟ್ಟಂನಲ್ಲಿ ಅವಳ ಫ್ಲ್ಯಾಟು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಕನ್ನಡಕದ ಡಬ್ಬಿ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೂತಿದ್ದಳು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ನನ್ನನ್ನೂ ಒಬ್ಬ ಪೆದ್ದ ವಿದ್ಯಾರ್ಥಿನಿ ಎಂದುಕೊಂಡಿದ್ದಳೋ ಏನೋ, ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇಪ್ಪತ್ತು ಲೀಟರ್ರಿ," ಎಂದೆ. "ಬಕೆಟ್ ಇಪ್ಪತ್ತು ಲೀಟರಿಂದು. ಪೊಲೀಸರ ಮಹಜರಿನ್ಯಾಗೇ ಅದ."

ಇವಳ ಅಪ್ಪ ದಿನಕರ ರಾಯರು ಕೊಚ್ಚಿಯ ಮಟ್ಟಾಂಚೇರಿಯ ಬಾಡಿಗೆ ಮನೆಯಲ್ಲಿ ಶನಿವಾರದ ಎಣ್ಣೆ ಸ್ನಾನದ ನೀರಿನಿಂದ ಸುಟ್ಟು ಸತ್ತು ಮೂರು ತಿಂಗಳಾಗಿತ್ತು. ಅವರಿಗೆ ಸ್ನಾನ ಮಾಡಿಸುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಅಪರ್ಣಾ ಅಂದಿನಿಂದ ಜೈಲಿನಲ್ಲಿದ್ದಳು. ಕಾಸರಗೋಡು ಕಡೆಯ ಹುಡುಗಿ, ಇಪ್ಪತ್ತು ತುಂಬಿಲ್ಲ. ರಾಯರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು, ಬಲಭಾಗಕ್ಕೆ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಕೂಗಲಾರದ ಮನುಷ್ಯನ ಮೇಲೆ ಬೇಕೆಂದೇ ಕುದಿನೀರು ಸುರಿದಳು ಎಂಬುದು ಪೊಲೀಸರ ಕಥೆ.

ನಾನು ಭವಾನಿ, ಧಾರವಾಡದವಳು. ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ಕಳ್ಳರನ್ನು ಹಿಡಿದು ಹಿಡಿದು ಸಾಕಾಗಿ ಸ್ವಯಂನಿವೃತ್ತಿ ತೆಗೆದುಕೊಂಡು, ಎರ್ನಾಕುಲಂನ ವಕೀಲ ರಾಜೀವನಿಗೆ ಸಾಕ್ಷಿ ಹುಡುಕಿಕೊಡುವ ಕೆಲಸ ಮಾಡುತ್ತೇನೆ. ಆ ಹುಡುಗಿ ನಿರಪರಾಧಿ ಎಂದು ಮೊದಲ ದಿನವೇ ನನಗನ್ನಿಸಿತ್ತು. ಅನ್ನಿಸಿದ್ದನ್ನು ಕೋರ್ಟಿನಲ್ಲಿ ಯಾರು ಕೇಳುತ್ತಾರೆ? ಅದಕ್ಕೇ ಈ ಲೆಕ್ಕ.

ಲೆಕ್ಕವೇನು ದೊಡ್ಡ ಬ್ರಹ್ಮವಿದ್ಯೆಯಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ನಾಲ್ಕು ಪಾಯಿಂಟ್ ಎರಡು ಕಿಲೋಜೂಲ್ ಶಾಖ ಬೇಕು, ಹೈಸ್ಕೂಲಿನ ಪಾಠ. ಆ ಮನೆಯಲ್ಲಿ ನೀರು ಕಾಯಿಸುತ್ತಿದ್ದದ್ದು ಬಕೆಟ್ಟಿಗೆ ಇಳಿಬಿಡುವ ಒಂದು ಕಿಲೋವ್ಯಾಟಿನ ರಾಡ್. ಸೆಕೆಂಡಿಗೆ ಒಂದು ಕಿಲೋಜೂಲ್ ಕೊಡುತ್ತದೆ. ಹೆಚ್ಚು ಕೊಡು ಎಂದು ಗೋಗರೆದರೂ ಕೊಡುವುದಿಲ್ಲ.

ರಾಡ್ ಎಷ್ಟು ಹೊತ್ತು ನೀರಿನಲ್ಲಿತ್ತು ಎಂದು ತಿಳಿಯಲು ನಾನು ಮಟ್ಟಾಂಚೇರಿಯ ಬೀದಿಗಳಲ್ಲಿ ಚಪ್ಪಲಿ ಸವೆಸಿದ್ದೆ. ಹಿಂದಿನ ರಾತ್ರಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಆ ಬೀದಿಗೆ ಕರೆಂಟೇ ಇರಲಿಲ್ಲ. ಬಂದದ್ದು ಬೆಳಿಗ್ಗೆ ಏಳಕ್ಕೆ. ಏಳೂ ಮುಕ್ಕಾಲಿಗೆ ಅಪರ್ಣಾ ಬೋಟ್ ಜೆಟ್ಟಿಯಲ್ಲಿದ್ದಳು, ಅಲ್ಲಿನ ಕ್ಯಾಮೆರಾದಲ್ಲಿ ಮುಖ ಸ್ಪಷ್ಟವಾಗಿದೆ. ಗ್ಯಾಸ್ ಸಿಲಿಂಡರ್ ಹಿಂದಿನ ದಿನವೇ ಮುಗಿದಿತ್ತು. ಸ್ನಾನ ಮಾಡಿಸಿ, ಮೈ ಒರೆಸಿ, ಬಟ್ಟೆ ತೊಡಿಸಿ, ಜೆಟ್ಟಿಗೆ ಬರುವ ಹೊತ್ತು ಕಳೆದರೆ ರಾಡಿಗೆ ಸಿಕ್ಕುವುದು ಇಪ್ಪತ್ತೈದು ನಿಮಿಷ. ಅಂದರೆ ಒಂದೂವರೆ ಸಾವಿರ ಕಿಲೋಜೂಲ್.

ಅದನ್ನು ಇಪ್ಪತ್ತು ಲೀಟರಿಗೆ ಹಂಚಿದರೆ ನೀರು ಏರುವುದು ಹದಿನೆಂಟು ಡಿಗ್ರಿ. ಕೊಚ್ಚಿಯ ನೀರು ಮೊದಲೇ ಇಪ್ಪತ್ತೆಂಟು. ಒಟ್ಟು ನಲವತ್ತಾರು. ಎಣ್ಣೆ ಹಚ್ಚಿದ ಮೈಗೆ ಅಷ್ಟು ಬಿಸಿ ಬಿದ್ದರೆ ಹಾಯ್ ಎನ್ನಿಸುತ್ತದೆ, ಯಾರೂ ಸಾಯುವುದಿಲ್ಲ.

ಈ ಹಾಳೆಗೆ ಸತ್ತವರ ಮಗಳೇ, ಅದೂ ಫಿಸಿಕ್ಸ್ ಟೀಚರು, ಹೌದು ಎಂದು ಸಹಿ ಹಾಕಿಬಿಟ್ಟರೆ ಹುಡುಗಿ ಬಿಡುಗಡೆ ಆದಂತೆಯೇ. ಆ ಆಸೆಯಿಂದ ನಸುಕಿನ ರೈಲು ಹತ್ತಿ ಬಂದಿದ್ದೆ. ಕೇಸು ಅಂದೇ ಕೋರ್ಟಿಗೆ ಬರುವುದಿತ್ತು, ಹಾಳೆಯ ಇನ್ನೊಂದು ಪ್ರತಿ ರಾಜೀವನ ಬಳಿಯಿತ್ತು.

"ಬಕೆಟ್ ಇಪ್ಪತ್ತು ಲೀಟರಿಂದು, ಸರಿ," ಎಂದಳು ಇಂಚರಾ. "ಅದರಲ್ಲಿ ನೀರೆಷ್ಟಿತ್ತು ಅಂತ ಕೇಳ್ತಿದ್ದೀನಿ."

"ತುಂಬಿತ್ತು."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಮ್ಮ ಧಾರವಾಡದ ಮನೆಯಲ್ಲಿ ರಾಡ್ ಹಾಕುವುದೆಂದರೆ ಬಕೆಟ್ ಕಂಠಮಟ್ಟ ತುಂಬಿಯೇ ಹಾಕುವುದು. ಬೇರೆಯವರು ಬೇರೆ ರೀತಿ ಮಾಡಿಯಾರು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ನಮ್ಮನೇಲಿ ಹಾಗಲ್ಲ ಮೇಡಂ. ಅರ್ಧ ಬಕೆಟ್ ಮಾತ್ರ ಕಾಯಿಸೋದು. ಆಮೇಲೆ ಅದಕ್ಕೆ ತಣ್ಣೀರು ಬೆರೆಸೋದು. ಬಿಸಿನೀರಿನ ಮೇಲೆ ತಣ್ಣೀರು ಬೀಳ್ಬೇಕು. ತಣ್ಣೀರಿಗೆ ಬಿಸಿನೀರು ಹಾಕೋದು ಹೆಣಕ್ಕೆ ಅಂತಾರೆ ಅಮ್ಮ. ಮೈಸೂರಿಂದ ತಂದ ಮಡಿ. ಕೊಚ್ಚಿಗೆ ಬಂದು ಮೂವತ್ತು ವರ್ಷ ಆದ್ರೂ ಬಿಟ್ಟಿಲ್ಲ. ಅಪರ್ಣಾಗೂ ಮೊದಲ ದಿನವೇ ಹೇಳ್ಕೊಟ್ಟಿದ್ರು."

ಕೆಂಪು ಪೆನ್ನು ನನ್ನ ಇಪ್ಪತ್ತನ್ನು ಹೊಡೆದು ಹತ್ತು ಎಂದು ಬರೆಯಿತು. ಹದಿನೆಂಟು ಮೂವತ್ತಾರಾಯಿತು. ನಲವತ್ತಾರು ಅರವತ್ನಾಲ್ಕಾಯಿತು.

"ಅರವತ್ನಾಲ್ಕು ಡಿಗ್ರಿ," ಎಂದಳು. "ಚರ್ಮ ಸುಡೋಕೆ ಎರಡು ಮೂರು ಸೆಕೆಂಡ್ ಸಾಕು."

"ತಣ್ಣೀರು ಬೆರೆಸಿರ್ತಾಳಲ್ರೀ! ದಿನಾ ಮಾಡೋ ಕೆಲಸ."

"ಎಲ್ಲಿಂದ ಬೆರೆಸ್ತಾಳೆ? ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ ಅಂತ ನೀವೇ ಕೋರ್ಟಿಗೆ ಸಾಬೀತು ಮಾಡ್ತಿದ್ದೀರಿ. ಕರೆಂಟಿಲ್ಲ ಅಂದ್ರೆ ಪಂಪಿಲ್ಲ, ಪಂಪಿಲ್ಲ ಅಂದ್ರೆ ನಲ್ಲೀಲಿ ನೀರಿಲ್ಲ. ಬಂದ್ಮೇಲೂ ಆ ಕಟ್ಟಡದಲ್ಲಿ ಎಂಟೂವರೆಗೆ ಮುಂಚೆ ಯಾರೂ ಪಂಪ್ ಹಾಕಲ್ಲ. ಬಕೆಟ್ಟಲ್ಲಿದ್ದ ಅರ್ಧ ನೀರು ಹಿಂದಿನ ಸಂಜೆ ಹಿಡಿದಿಟ್ಟಿದ್ದು."

ಹುಡುಗಿಯ ಕೊರಳಿನ ಹಗ್ಗ ಬಿಚ್ಚಲು ಹೋಗಿ ಗಂಟನ್ನು ನಾನೇ ಬಿಗಿದಿದ್ದೆ. ಕರೆಂಟ್ ಹೋದದ್ದನ್ನು ಕಂಡುಹಿಡಿದವಳು ನಾನು. ಇಪ್ಪತ್ತೈದು ನಿಮಿಷ ಎಂದು ಎದೆ ತಟ್ಟಿ ಹೇಳಿದವಳೂ ನಾನೇ.

ನಿನ್ನೆ ಜೈಲಿನಲ್ಲಿ ಅಪರ್ಣಾ ಆಡಿದ ಮಾತು ಕಿವಿಯಲ್ಲಿ ಕೊರೆಯತೊಡಗಿತು. "ಬೆರೆಸದೆ ನಾನು ಹಾಕುವವಳಲ್ಲ ಅಕ್ಕ. ಆದರೆ ಆ ದಿನ ಬೆರೆಸಿದ್ದೇನಾ ಅಂತ ಕೇಳಿದ್ರೆ ಎಂತ ಹೇಳುವುದು? ದಿನಾ ಬಾಗಿಲು ಹಾಕ್ತೇವೆ, ಮೊನ್ನೆ ಹಾಕಿದ್ದು ನೆನಪುಂಟಾ? ಪೊಲೀಸರು ಕೇಳಿ ಕೇಳಿ ಈಗ ನನಗೇ ಡೌಟ್ ಆಗ್ತಾ ಉಂಟು. ಅಲ್ಲಿಯ ಅಮ್ಮ ಆ ದಿನ ಮನೆಯಲ್ಲಿದ್ರಾ, ಅದೂ ಈಗ ಗೊತ್ತಾಗುವುದಿಲ್ಲ. ಮೈ ಕೆಂಪಾಗಿತ್ತು ಅಕ್ಕ. ಎಣ್ಣೆ ಸ್ನಾನಕ್ಕೆ ಕೆಂಪಾಗ್ತದೆ ಅಂತ ಅಲ್ಲಿಯ ಅಮ್ಮ ಯಾವಾಗ್ಲೂ ಹೇಳ್ತಿದ್ರು."

ನಾನು ಏನು ಹೇಳಿದ್ದೆ? ಹೆದರಬೇಡ, ನೀರಿನ ಲೆಕ್ಕ ಸುಳ್ಳು ಹೇಳುವುದಿಲ್ಲ ಎಂದಿದ್ದೆ. ದೊಡ್ಡ ಜಾಣಿ!

ಬಾಲ್ಕನಿಗೆ ಓಡಿ ರಾಜೀವನಿಗೆ ಫೋನ್ ಮಾಡಿದೆ. ಅವನ ಅಪ್ಪ ಅಮ್ಮ ಕನ್ನಡದವರು; ಅವನಿಗೆ ನಾನಾಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಮಲಯಾಳ, ನನ್ನನ್ನು ಅಕ್ಕ ಎನ್ನುವ ಬದಲು ಚೇಚಿ.

"ಆ ಹಾಳೆ ಜಡ್ಜ್‌ಗೆ ಕೊಡಬ್ಯಾಡೋ!" ಎಂದೆ.

"ಕೊಟ್ಟಾಯಿತು ಚೇಚಿ," ಎಂದ. "ಹತ್ತು ನಿಮಿಷದಲ್ಲಿ ನಮ್ಮ ಕೇಸು. ಏನಾಯಿತು?"

"ಬಕೆಟ್ ಅರ್ಧಾನೇ ಇತ್ತಂತ. ನಲವತ್ತಾರಲ್ಲ, ಅರವತ್ನಾಲ್ಕು."

"ಅರವತ್ನಾಲ್ಕಾ?" ರಾಜೀವ್ ಗಟ್ಟಿಯಾಗಿ ಕೂಗಿದ. ಅವನ ಹಿಂದೆ ಒಂದು ಸಣ್ಣ ದನಿ ಕೇಳಿಸಿತು: "ಯಾರು ಸಾರ್, ಭವಾನಿ ಅಕ್ಕನಾ? ಎಷ್ಟಂತೆ?"

ಫೋನ್ ಕಟ್ ಆಯಿತು. ಹುಡುಗಿ ಅವನ ಪಕ್ಕದಲ್ಲೇ ನಿಂತಿದ್ದಾಳೆಂದು ನಾನೇಕೆ ಯೋಚಿಸಲಿಲ್ಲ? ಹಾಳು ಅವಸರ ನನ್ನದು.

ಒಳಗೆ ಬಂದರೆ ಹಾಲಿನ ನಡುವೆ ಸುಮಿತ್ರಮ್ಮ ನಿಂತಿದ್ದರು. ದಿನಕರ ರಾಯರ ಹೆಂಡತಿ, ಪೊಲೀಸರ ಮುಖ್ಯ ಸಾಕ್ಷಿ. ಅಂದು ಬೆಳಿಗ್ಗೆ ಆರೂವರೆಗೇ ದೇವಸ್ಥಾನಕ್ಕೆ ಹೋಗಿದ್ದೆ, ಎಂಟೂವರೆಗೆ ಬಂದಾಗ ಗಂಡನ ಮೈ ಸುಟ್ಟಿತ್ತು ಎಂದು ಹೇಳಿಕೆ ಕೊಟ್ಟವರು. ನಾನು ಇವರನ್ನು ನೋಡಬೇಕೆಂದು ಮೂರು ಸಲ ಕೇಳಿಕೊಂಡಿದ್ದೆ, ಮೂರು ಸಲವೂ ಇಂಚರಾ ಅಮ್ಮನಿಗೆ ಹುಷಾರಿಲ್ಲ ಎಂದಿದ್ದಳು. ಈಗ ನೋಡಿದರೆ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಲಕ್ಷಣವಾಗಿದ್ದರು.

"ಯಾರೇ ಇಂಚು ಇವ್ರು?"

"ಕಾಲೇಜಿನವ್ರು ಅಮ್ಮ. ನೀನು ಒಳಗೆ ಹೋಗು."

"ಕೊಚ್ಚಿಯಿಂದ ಬಂದೀನ್ರಿ," ಎಂದೆ ನಾನು ಬೇಕೆಂದೇ. "ಅಪರ್ಣಾ ಕಡೆಯಿಂದ."

ಸುಮಿತ್ರಮ್ಮನ ಮುಖ ಅರಳಿತು. ನನ್ನ ಪಕ್ಕದಲ್ಲೇ ಬಂದು ಕೂತರು.

"ಚೆನ್ನಾಗಿದ್ದಾಳಾ? ಪಾಪ, ಒಳ್ಳೇ ಹುಡುಗಿ ಕಣ್ರೀ. ಯಾಕೋ ಬರೋದೇ ಬಿಟ್ಟಿದ್ದಾಳೆ. ಅವತ್ತು ನಲ್ಲೀಲಿ ನೀರಿಲ್ಲ, ಅಮ್ಮ ಏನ್ಮಾಡ್ಲಿ ಅಂದ್ಳು. ಕುಡಿಯೋ ನೀರಿನ ಕ್ಯಾನಿದೆ ತಗೊಳ್ಳೇ ಅಂದೆ. ನೀರಿಲ್ದಾಗೆಲ್ಲ ನಮ್ಮನೇಲಿ ಹಾಗೇ ತಾನೆ? ಕ್ಯಾನಲ್ಲಿ ಅರ್ಧ ಉಳಿದಿತ್ತು, ಪೂರ್ತಿ ಬಗ್ಗಿಸಿ ಬೆರೆಸಿದ್ಳು. ಕೈ ಹಾಕಿ ನೋಡಿ ಅಂದ್ಳು, ನೋಡ್ದೆ. ಹದವಾಗಿತ್ತು."

ದೇವಸ್ಥಾನಕ್ಕೆ ಹೋಗಿದ್ದವರು ಬಚ್ಚಲಿನ ನೀರಿಗೆ ಕೈ ಹಾಕುವುದು ಹೇಗೆ?

"ಅಮ್ಮಾ, ಸಾಕು," ಎಂದಳು ಇಂಚರಾ.

"ಹೇಳಲಿ ಬಿಡ್ರಿ," ಎಂದೆ. "ಆಮ್ಯಾಲೆ ಏನಾತ್ರಿ ಅಮ್ಮ?"

"ಆಮೇಲೇನು, ಅವಳು ಹೋದ್ಳು. ನಾನು ದೇವರಿಗೆ ದೀಪ ಹಚ್ಚಿ ಬಂದು ನೋಡ್ತೀನಿ, ಇವ್ರಿನ್ನೂ ಹಾಗೇ ಕೂತಿದ್ದಾರೆ. ಮೈಯಲ್ಲಿ ಎಣ್ಣೆ ಮಿಂಚ್ತಾ ಇತ್ತು. ಅಯ್ಯೋ, ಹುಡುಗಿ ಇವತ್ತು ಬರ್ಲೇ ಇಲ್ಲ, ಇವ್ರಿಗೆ ಸ್ನಾನ ಆಗಿಲ್ಲ ಅಂದ್ಕೊಂಡೆ. ಬಕೆಟ್ ತಳದಲ್ಲಿ ಒಂದಿಷ್ಟು ನೀರಿತ್ತು. ಅದಕ್ಕೇ ಮತ್ತೆ ರಾಡ್ ಹಾಕ್ದೆ. ಬೆರೆಸೋಕೆ ಹೋದ್ರೆ ಕ್ಯಾನ್ ಖಾಲಿ. ನಮ್ಮ ಸಾಹೇಬ್ರಿಗೆ ಯಾವಾಗ್ಲೂ ಸುಡು ಸುಡು ನೀರೇ ಆಗ್ಬೇಕಲ್ಲ ಅಂತ ಹೇಳಿ ಇವ್ರ ಮೈಮೇಲೆ ಹಾಕ್ದೆ."

ಬೇಡ ಬೇಡವೆಂದರೂ ತಲೆ ಲೆಕ್ಕ ಹಾಕಿಬಿಟ್ಟಿತು. ತಳದಲ್ಲಿ ಉಳಿದದ್ದು ಐದು ಲೀಟರ್ ಎಂದುಕೊಂಡರೂ, ಅದು ಆಗಲೇ ನಲವತ್ತೈದು ಡಿಗ್ರಿ ಇದ್ದದ್ದು. ಐದು ಲೀಟರಿಗೆ ಒಂದು ಡಿಗ್ರಿ ಏರಲು ಬರೀ ಇಪ್ಪತ್ತೊಂದು ಕಿಲೋಜೂಲ್. ಕಾಲು ಗಂಟೆ ಸಾಕು, ನೀರು ತೊಂಬತ್ತರ ಹತ್ತಿರ.

"ಅವ್ರು ಏನೂ ಅನ್ಲಿಲ್ಲ," ಎಂದರು ಸುಮಿತ್ರಮ್ಮ. "ಮಾತಾಡೋಕಾಗಲ್ವಲ್ಲ. ಕಣ್ಣಲ್ಲಿ ನೀರು ಬಂತು. ಸೀಗೆಪುಡಿ ಹೋಯ್ತೇನೋ ಅಂತ ಸೆರಗಲ್ಲಿ ಒರೆಸ್ದೆ." ಆಮೇಲೆ ಮಗಳ ಕಡೆ ತಿರುಗಿದರು. "ಇವತ್ತು ಶನಿವಾರ ಅಲ್ವೇನೇ? ಇನ್ನೂ ಏಳ್ಲಿಲ್ವಾ ನಿಮ್ಮಪ್ಪ?"

ಅಂದು ಮಂಗಳವಾರ.

ಇಂಚರಾ ಅಮ್ಮನ ಭುಜ ಹಿಡಿದು ಮೆಲ್ಲಗೆ ಕೋಣೆಗೆ ಕರೆದುಕೊಂಡು ಹೋದಳು. ವಾಪಸ್ಸು ಬಂದವಳು ನನ್ನೆದುರು ನಿಂತೇ ಇದ್ದಳು.

"ಎಷ್ಟು ದಿನದಿಂದ ಹಿಂಗದ?" ಎಂದೆ.

"ಎರಡು ವರ್ಷ ಆಯ್ತು."

"ಡಾಕ್ಟರಿಗೆ ತೋರಿಸೀರೇನು?"

"ಇಲ್ಲ. ಮೊದಲು ಅಪ್ಪ ಬೇಡ ಅಂದ್ರು. ಆಮೇಲೆ ಅವರಿಗೇ ಹೀಗಾಯ್ತು. ಈಗ ತೋರಿಸಿದ್ರೆ..."

"ತೋರಿಸಿದ್ರ ಸಾಕ್ಷಿ ಬಿದ್ದುಹೋಗ್ತದ, ಅಪರ್ಣಾ ಹೊರಗ ಬರ್ತಾಳ. ಅಷ್ಟೇ ಅಲ್ಲೇನು? ದೇವಸ್ಥಾನದ ಕಥಿ ನೀವೇ ಬಾಯಿಪಾಠ ಮಾಡಿಸಿದ್ರಿ."

"ಹೌದು, ನಾನೇ," ಎಂದಳು. ಅವಳು ಸುಳ್ಳಾದರೂ ಹೇಳಿದ್ದರೆ ಬೈಯುವುದು ಸುಲಭವಾಗುತ್ತಿತ್ತು. "ಆಸ್ಪತ್ರೇಲಿ ಪೊಲೀಸರು ಬರೋ ಮುಂಚೆ ಇಡೀ ಮಧ್ಯಾಹ್ನ ಅದನ್ನೇ ಹೇಳಿಸ್ದೆ. ಅದೊಂದು ಹೇಗೋ ಅವತ್ತಿಗೆ ತಲೇಲಿ ನಿಂತ್ಕೊಳ್ತು."

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಮಕ್ಕಳಿಗೆ ಪಾಠ ಹೇಳೋರು ನೀವು. ಏನೂ ಅರಿಯದ ಹುಡುಗಿ ಜೈಲಿನ್ಯಾಗ ಕೊಳೀಲಿಕ್ಕೆ ಹತ್ಯಾಳ!"

"ಆಗತ್ತೆ. ಅವಳ ವಯಸ್ಸಿನ ಹುಡುಗೀರೇ ದಿನಾ ಕ್ಲಾಸಲ್ಲಿ ಎದುರಿಗೆ ಕೂತಿರ್ತಾರೆ. ಒಬ್ಬರ ಮುಖಾನೂ ನೋಡೋಕಾಗಲ್ಲ ನಂಗೆ." ಅವಳು ಕೋಣೆಯ ಬಾಗಿಲಿನತ್ತ ನೋಡಿದಳು. "ಅಪ್ಪ ಹೋದ್ರು ಅಂತ ಅಮ್ಮನಿಗೆ ಮೊದಮೊದಲು ದಿನಾ ಹೇಳ್ತಿದ್ದೆ ಮೇಡಂ. ದಿನಾ ಮೊದಲ ಸಲ ಕೇಳಿದ ಹಾಗೇ ಎದೆ ಬಡ್ಕೊಂಡು ಅಳೋರು. ಆಮೇಲೆ ಹೇಳೋದನ್ನೇ ಬಿಟ್ಟೆ. ಇನ್ನು ನೀನೇ ಸುಟ್ಟಿದ್ದು ಅಂತ ಹೇಳ್ಲಾ? ಅದನ್ನೂ ದಿನಾ ಹೇಳ್ಲಾ? ನಿಮ್ಮ ತಾಯಿಯಾಗಿದ್ರೆ ಹೇಳ್ತಿದ್ರಾ?"

ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿದಿತ್ತು. ಕಳ್ಳರನ್ನು ಹಿಡಿಯುವುದು ಇದಕ್ಕಿಂತ ಎಷ್ಟೋ ಸುಲಭ. ಇಲ್ಲಿ ಹಿಡಿಯುವುದು ಯಾರನ್ನು?

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ರಾಜೀವ್.

"ಚೇಚಿ, ಎಲ್ಲಾ ಹಾಳಾಯಿತು." "ಅವಳು ತಪ್ಪೊಪ್ಪಿಕೊಂಡುಬಿಟ್ಟಳು. ಆರೋಪ ಓದಿ, ನೀನು ಮಾಡಿದ್ದೀಯಾ ಎಂದು ಜಡ್ಜ್ ಕೇಳಿದರು. ನಾನು ಎದ್ದು ನಿಲ್ಲುವುದರೊಳಗೆ ಹೌದು ಎಂದಳು. 'ನೀರು ಅರವತ್ನಾಲ್ಕು ಡಿಗ್ರಿ ಇತ್ತು, ನಾನು ಬೆರೆಸಲು ಮರೆತಿದ್ದೇನೆ, ನಾನೇ ಕೊಂದದ್ದು' ಎಂದಳು. ಭವಾನಿ ಅಕ್ಕನ ಲೆಕ್ಕ ತಪ್ಪುವುದಿಲ್ಲವಂತೆ."

ಮೂರು ತಿಂಗಳು ಪೊಲೀಸರು ಏನೇ ಮಾಡಿದರೂ ಆ ಹುಡುಗಿಯ ಬಾಯಿಂದ ಬಾರದ ಮಾತನ್ನು ನನ್ನ ಒಂದು ಫೋನು ಹೊರಡಿಸಿತ್ತು.

"ಅವಳು ಬೆರೆಸಿದ್ಳೋ ರಾಜೀವಾ!" ಕಿರುಚಿದೆ. "ಕ್ಯಾನಿನ ನೀರು ಬೆರೆಸಿದ್ಳು! ಸುಮಿತ್ರಮ್ಮ ಮನ್ಯಾಗೇ ಇದ್ರು, ಕಣ್ಣಾರೆ ನೋಡ್ಯಾರ, ಕೈ ಹಾಕಿ ನೋಡ್ಯಾರ. ಈಗಷ್ಟೇ ನನ್ನ ಮುಂದ ಹೇಳಿದ್ರು!"

ರಾಜೀವ್ ಅವಸರ ಅವಸರವಾಗಿ ಹೇಳಿದ.

"ಜಡ್ಜ್ ಒಳ್ಳೆಯವರು, ಊಟದ ನಂತರ ಇನ್ನೊಮ್ಮೆ ಕೇಳುತ್ತೇನೆ, ಯೋಚಿಸು ಎಂದಿದ್ದಾರೆ. ಅಪರ್ಣಾ ಇಲ್ಲೇ ಇದ್ದಾಳೆ. ಫೋನ್ ಅವಳ ಕಿವಿಗಿಡುತ್ತೇನೆ. ನನ್ನ ಮಾತು ನಂಬುವುದಿಲ್ಲ, ಇನ್ನು ನೀವು ಹೇಳಿದರೂ ಸಮಾಧಾನಕ್ಕೆ ಹೇಳಿದ್ದು ಎಂದುಕೊಳ್ಳುತ್ತಾಳೆ. ಆ ಅಮ್ಮನೇ ಹೇಳಲಿ. 'ನೀನು ಬೆರೆಸಿದೆ' ಎಂದು ಒಂದೇ ಮಾತು ಅವರ ಬಾಯಿಂದ ಕೇಳಿದರೆ ಸಾಕು, ಹುಡುಗಿ ಒಪ್ಪಿಗೆ ಹಿಂತೆಗೆದುಕೊಳ್ಳುತ್ತಾಳೆ. ಬೇಗ ಚೇಚಿ."

ನಾನು ಕೋಣೆಯ ಕಡೆ ನಡೆದೆ. ಇಂಚರಾ ಅಡ್ಡ ಬರುತ್ತಾಳೆಂದುಕೊಂಡಿದ್ದೆ. ಅವಳು ಬರಲಿಲ್ಲ, ಬಾಗಿಲಿನಿಂದ ಸರಿದು ನಿಂತು ದಾರಿ ಬಿಟ್ಟಳು. ಅದನ್ನು ಕಂಡೇ ನನಗೆ ಭಯವಾಯಿತು.

ಸುಮಿತ್ರಮ್ಮ ಮಂಚದ ಮೇಲೆ ಕೂತು ಒಗೆದ ಪಂಚೆಯೊಂದನ್ನು ಮಡಚುತ್ತಿದ್ದರು. ಸ್ಪೀಕರ್ ಹಾಕಿ ಫೋನನ್ನು ಅವರ ಮುಂದೆ ಹಿಡಿದೆ. ಅದರೊಳಗೆ ಅಪರ್ಣಾಳ ಅಳು ಕೇಳಿಸುತ್ತಿತ್ತು. "ಅಮ್ಮಾ... ಅಮ್ಮಾ, ನಾನು..."

"ಅಮ್ಮಾ, ಅಪರ್ಣಾ ಫೋನ್ ಮಾಡ್ಯಾಳ್ರಿ," ಎಂದೆ. "ಅವತ್ತು ನೀರು ಬೆರೆಸಿದ್ಳಲ್ರೀ, ಆಗ ನನಗ ಹೇಳಿದ್ರಲ್ಲ, ಅದನ್ನ ಅವಳಿಗೊಮ್ಮೆ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಪಂಚೆಯನ್ನು ತೊಡೆಯ ಮೇಲಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣಿನಲ್ಲಿ ಅದೇ ಪ್ರೀತಿ, ಅದೇ ನಗು.

"ನೀವು ಯಾರು ಗೊತ್ತಾಗ್ಲಿಲ್ವಲ್ಲ," ಎಂದರು. "ಅಪರ್ಣಾ ಅಂದ್ರೆ ಯಾರಮ್ಮ?"

ಫೋನಿನಲ್ಲಿ ಅಳು ನಿಂತಿತು.